ಯುಎಸ್‌ಬಿ ಸೀರಿಯಲ್ ಬೋರ್ಡ್ ಚುಚ್ಚಿದರೂ ಪೋರ್ಟ್ ಬರ್ತಿಲ್ವಾ? ಡ್ರೈವರ್ ತಾನಾಗಿಯೇ ಲೋಡ್ ಆಗುವ ಹಾಗೆ ಮಾಡುವುದು

ಹೋದ ತಿಂಗಳು ಒಂದು ಸೆನ್ಸರ್ ಬೋರ್ಡ್ ಕೈಗೆ ಬಂತು. ಒಳಗಿರುವುದು ಎಫ್‌ಟಿ232ಆರ್ ಚಿಪ್ಪೇ (ಯುಎಸ್‌ಬಿಯನ್ನು ಸೀರಿಯಲ್ ಪೋರ್ಟ್ ಮಾಡಿಕೊಡುವ ಎಫ್‌ಟಿಡಿಐ ಕಂಪನಿಯ ಚಿಪ್), ಮೇಲೆ ಬರೆದಿರುವುದು ಕಾಣುತ್ತೆ. ಆದರೆ ಲಿನಕ್ಸ್‌ಗೆ ಚುಚ್ಚಿದರೆ ಟಿಟಿವೈಯುಎಸ್‌ಬಿ0 ಅನ್ನುವ ಪೋರ್ಟ್ ಹುಟ್ಟಲೇ ಇಲ್ಲ. ಸುಮ್ನೆ ಮೂರು ಕೇಬಲ್ ಬದಲಾಯಿಸಿದೆ.

ಕೇಬಲ್‌ನದ್ದೇನೂ ತಪ್ಪಿರಲಿಲ್ಲ. ಈ ಚಿಪ್ ಸಾಮಾನ್ಯವಾಗಿ 0403:6001 ಅಂತ ಹೇಳಿಕೊಳ್ಳುತ್ತೆ, ಮೊದಲನೆಯದು ಕಂಪನಿಯ ನಂಬರ್, ಎರಡನೆಯದು ಉತ್ಪನ್ನದ್ದು. ಬೋರ್ಡ್ ಮಾಡಿದವರು ಎರಡನೇ ನಂಬರನ್ನು ಬದಲಾಯಿಸಿದ್ದರು. 1234 ಅಂತ ಇಟ್ಟುಕೊಳ್ಳೋಣ.

ಚುಚ್ಚಿದಾಗ ಕರ್ನಲ್ (ಲಿನಕ್ಸ್‌ನ ತಿರುಳು) ತಾನೇ ಹೋಗಿ ಡ್ರೈವರ್ ಹುಡುಕುವುದಿಲ್ಲ. ಮೋಡ್‌ಅಲಿಯಾಸ್ ಅನ್ನುವ ಒಂದು ಸಾಲನ್ನು ಕೂಗಿ ಹೇಳುತ್ತೆ, ಅದರಲ್ಲಿ 'ವಿ' ಆದಮೇಲೆ 0403, 'ಪಿ' ಆದಮೇಲೆ 1234 ಇರುತ್ತೆ. ಡಿವೈಸ್‌ಗಳನ್ನು ನೋಡಿಕೊಳ್ಳುವ ಯುಡೆವ್ ಅನ್ನುವ ಪ್ರೋಗ್ರಾಮ್ ಅದನ್ನು ಮಾಡ್ಯೂಲ್ (ಡ್ರೈವರ್ ಫೈಲ್) ಲೋಡ್ ಮಾಡುವ ಮೋಡ್‌ಪ್ರೋಬ್‌ಗೆ ಕೊಡುತ್ತೆ, ಮೋಡ್‌ಪ್ರೋಬ್ ಮಾಡ್ಯೂಲ್ಸ್.ಅಲಿಯಾಸ್ ಫೈಲ್‌ನಲ್ಲಿ ಹೊಂದುವ ಸಾಲಿದೆಯಾ ನೋಡುತ್ತೆ, ಇದ್ದರೆ ಲೋಡ್, ಇಲ್ಲದಿದ್ದರೆ ಸದ್ದಿಲ್ಲದೆ ಸುಮ್ಮನಾಗುತ್ತೆ. ಎರರ್ ಕೂಡ ಬರಲ್ಲ!

ಮೊದಲು ಎಲ್ಲಿ ತುಂಡಾಗಿದೆ ನೋಡಿ. ಯುಎಸ್‌ಬಿ ಡಿವೈಸ್‌ಗಳ ಪಟ್ಟಿ ತೋರಿಸುವ ಎಲ್ಎಸ್‌ಯುಎಸ್‌ಬಿ ಹೊಡೆದು ನಂಬರ್ ಬರೆದುಕೊಳ್ಳಿ. (ಕಮಾಂಡ್‌ಗಳನ್ನು ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ.) ಆಮೇಲೆ /ಸಿಸ್/ಬಸ್/ಯುಎಸ್‌ಬಿ/ಡಿವೈಸಸ್ ಒಳಗೆ ನಿಮ್ಮ ಬೋರ್ಡ್‌ನ ಇಂಟರ್‌ಫೇಸ್ ಫೋಲ್ಡರ್‌ನಲ್ಲಿರುವ ಮೋಡ್‌ಅಲಿಯಾಸ್ ಫೈಲ್ ಓದಿ, ಆ ಸಾಲನ್ನು ಮೋಡ್‌ಪ್ರೋಬ್‌ಗೆ ಹೈಫನ್ ದೊಡ್ಡ ಆರ್ ಹಾಕಿ ಕೊಡಿ. ಡ್ರೈವರ್ ಹೆಸರು ಬಂದರೆ ಪಟ್ಟಿಯಲ್ಲಿದೆ. ಬರದಿದ್ದರೆ ಇಲ್ಲ. ಕರ್ನಲ್ ಅಥವಾ ಡ್ರೈವರ್ ನೀವೇ ಬಿಲ್ಡ್ ಮಾಡಿದ್ದರೆ ಆ ಅಲಿಯಾಸ್ ಪಟ್ಟಿಯನ್ನು ಹೊಸದಾಗಿ ಬರೆಯುವ ಡೆಪ್‌ಮೋಡ್ ಹೈಫನ್ ಎ ಒಮ್ಮೆ ಓಡಿಸಿ ನೋಡಿ, ಎಷ್ಟೋ ಸಲ ಅಲ್ಲಿಗೇ ಕೆಲಸ ಮುಗಿಯುತ್ತೆ.

ನಾನು ಇಲ್ಲೇ ಎಡವಿದ್ದು: ಈ ಚಿಪ್‌ನ ಡ್ರೈವರ್ ಆದ ಎಫ್‌ಟಿಡಿಐ_ಎಸ್ಐಒ ಮಾಡ್ಯೂಲನ್ನು ಕೈಯಾರೆ ಲೋಡ್ ಮಾಡಿದೆ, ಲೋಡ್ ಆಯಿತು, ಪೋರ್ಟ್ ಮಾತ್ರ ಬರಲಿಲ್ಲ. ಲೋಡ್ ಆಗುವುದು ಬೇರೆ, ಡಿವೈಸ್‌ಗೆ ಅಂಟಿಕೊಳ್ಳುವುದು ಬೇರೆ. ಅಂಟಿಕೊಳ್ಳುವ ಮೊದಲು ಕರ್ನಲ್ ಒಳಗೆ ಡ್ರೈವರ್‌ನ ಸ್ವಂತ ಪಟ್ಟಿಯ ಜೊತೆ ನಂಬರನ್ನು ಇನ್ನೊಮ್ಮೆ ತಾಳೆ ನೋಡಲಾಗುತ್ತೆ. ಅಲ್ಲೂ 1234 ಇಲ್ವಲ್ಲ.

ಅದಕ್ಕೆ ನ್ಯೂ_ಐಡಿ ಅನ್ನುವ ಫೈಲ್ ಇದೆ: /ಸಿಸ್/ಬಸ್/ಯುಎಸ್‌ಬಿ-ಸೀರಿಯಲ್/ಡ್ರೈವರ್ಸ್/ಎಫ್‌ಟಿಡಿಐ_ಎಸ್ಐಒ ಒಳಗೆ. ಬರೀ ಯುಎಸ್‌ಬಿ ಬಸ್‌ನಲ್ಲಿ ಹುಡುಕಬೇಡಿ, ಸೀರಿಯಲ್ ಡ್ರೈವರ್‌ಗಳಿಗೆ ಅಲ್ಲಿ ಈ ಫೈಲೇ ಇರಲ್ಲ. ಇದಕ್ಕೆ '0403 1234' ಬರೆಯಿರಿ, ಮಧ್ಯೆ ಒಂದು ಸ್ಪೇಸ್. ಸೂಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಜೊತೆ ಎಕೋ ಹಾಕಿ ಬಾಣದ ಗುರುತಿನಿಂದ (>) ತಳ್ಳಿದರೆ ಪರ್ಮಿಷನ್ ಇಲ್ಲ ಅನ್ನುತ್ತೆ, ಯಾಕಂದ್ರೆ ಫೈಲ್ ತೆರೆಯುವುದು ನಿಮ್ಮ ಶೆಲ್, ಸೂಡೋ ಅಲ್ಲ. ಎಕೋದ ಔಟ್‌ಪುಟನ್ನು ಪೈಪ್ (|) ಮಾಡಿ ಸೂಡೋ ಟೀಗೆ ಕೊಡಿ, ಟೀ ಅದನ್ನು ಫೈಲ್‌ಗೆ ಬರೆಯುತ್ತೆ. ಬರೆದ ತಕ್ಷಣ ಪೋರ್ಟ್ ಬರುತ್ತೆ, ಕಿತ್ತು ಚುಚ್ಚುವುದೂ ಬೇಡ.

ರೀಬೂಟ್ ಆದರೆ ಇದೆಲ್ಲ ಹೋಗುತ್ತೆ. ಅದಕ್ಕೆ /ಇಟಿಸಿ/ಯುಡೆವ್/ರೂಲ್ಸ್.ಡಿ ಒಳಗೆ ಒಂದು ರೂಲ್ ಫೈಲ್ ಬೇಕು. ಆಕ್ಷನ್ ಆಡ್, ಸಬ್‌ಸಿಸ್ಟಮ್ ಯುಎಸ್‌ಬಿ, ಡೆವ್‌ಟೈಪ್ ಯುಎಸ್‌ಬಿ_ಡಿವೈಸ್, ನಿಮ್ಮ ಎರಡು ನಂಬರ್, ಕೊನೆಗೆ ಎರಡು ರನ್ (ಓಡಿಸಬೇಕಾದ ಕಮಾಂಡ್): ಮೊದಲನೆಯದು ಮೋಡ್‌ಪ್ರೋಬ್, ಎರಡನೆಯದು ಶೆಲ್ ಮೂಲಕ ನ್ಯೂ_ಐಡಿಗೆ ಬರೆಯುವುದು. ಡೆವ್‌ಟೈಪ್ ಬಿಟ್ಟು, ನಂಬರ್‌ಗಳನ್ನು ತಾಯಿ ಡಿವೈಸ್‌ನಲ್ಲೂ ಹುಡುಕುವ ಎಟಿಟಿಆರ್‌ಎಸ್‌ನಲ್ಲಿ ಬರೆದರೆ ಪ್ರತಿ ಇಂಟರ್‌ಫೇಸ್‌ಗೂ ರೂಲ್ ಓಡಿ ಅದೇ ನಂಬರ್ ಮತ್ತೆ ಮತ್ತೆ ಸೇರುತ್ತೆ. ಯುಡೆವ್ಎಡಿಎಂನಿಂದ ರೂಲ್ಸ್ ರೀಲೋಡ್ ಮಾಡಿ, ಬೋರ್ಡ್ ಕಿತ್ತು ಮತ್ತೆ ಚುಚ್ಚಿ.

ಜಾಸ್ತಿ ಜನ ಬಳಸುವ ಬೋರ್ಡ್ ಆದರೆ ಡ್ರೈವರ್‌ನ ಪಟ್ಟಿಗೇ ಒಂದು ಸಾಲು ಸೇರಿಸಿ ಪ್ಯಾಚ್ ಕಳಿಸುವುದು ಒಳ್ಳೆಯದು. 2014ರಲ್ಲಿ ಎಫ್‌ಟಿಡಿಐನ ವಿಂಡೋಸ್ ಡ್ರೈವರ್ ನಕಲಿ ಚಿಪ್‌ಗಳ ನಂಬರನ್ನು 0000 ಮಾಡಿಬಿಟ್ಟಾಗ ಲಿನಕ್ಸ್‌ನವರು ಮಾಡಿದ್ದೂ ಇಷ್ಟೇ. ಪಟ್ಟಿಗೆ 0000 ಸೇರಿಸಿದರು, ಸತ್ತವು ಅಂದುಕೊಂಡಿದ್ದ ಬೋರ್ಡ್‌ಗಳು ಲಿನಕ್ಸ್‌ನಲ್ಲಿ ಮತ್ತೆ ಎದ್ದು ಕೂತವು.