ಸೆಕೆಂಡು ಬಿಟ್ಟು ಇನ್‌ಸ್ಟ್ರಕ್ಷನ್ ಎಣಿಸಿದೆ

ಕನ್ನಡ ಪದಗಳನ್ನು ಅಕ್ಷರಗಳಾಗಿ ಬಿಡಿಸುವ ಒಂದು ಸಣ್ಣ ಲೈಬ್ರರಿಯನ್ನು ಸಿ ಭಾಷೆಯಲ್ಲಿ ಬರೆದಿದ್ದೇನೆ. 'ಸ್ತ್ರೀ' ಕಣ್ಣಿಗೆ ಒಂದೇ ಅಕ್ಷರ. ಯುನಿಕೋಡ್‌ನಲ್ಲಿ ಅದು 6 ಚಿಹ್ನೆ, ಯುಟಿಎಫ್-8ರಲ್ಲಿ 18 ಬೈಟ್. ದೊಡ್ಡ ಫೈಲ್ ಕೊಟ್ಟರೆ ಇದನ್ನು ಬಿಡಿಸುವ ಲೂಪ್ ಲಕ್ಷಾಂತರ ಸಲ ಸುತ್ತುತ್ತದೆ. ಹಾಗಾಗಿ ಅಲ್ಲಿ ಉಳಿಸಿದ ಒಂದೊಂದು ಹೆಜ್ಜೆಗೂ ಬೆಲೆಯಿದೆ.

ಆದರೆ ಉಳಿಯಿತು ಅಂತ ತಿಳಿಯುವುದು ಹೇಗೆ? ಗಡಿಯಾರ ಇಟ್ಟು ಅಳೆದರೆ ಲ್ಯಾಪ್‌ಟಾಪ್ ಬಿಸಿಯಾದಾಗ ಒಂದು ಉತ್ತರ, ಚಾರ್ಜರ್ ತೆಗೆದಾಗ ಇನ್ನೊಂದು. ನೂರಕ್ಕೆ ಒಂದರಷ್ಟು ಸುಧಾರಣೆ ಈ ಏರಿಳಿತದಲ್ಲೇ ಮುಳುಗಿಹೋಗುತ್ತದೆ.

ಅದಕ್ಕೇ ಪ್ರೋಗ್ರಾಮ್ ತಪಾಸಣೆಯ ಸಾಧನವಾದ ವಾಲ್‌ಗ್ರಿಂಡ್ ಜೊತೆ ಬರುವ ಕ್ಯಾಷ್‌ಗ್ರಿಂಡ್ ಹಿಡಿದೆ. ಅದು ಪ್ರೋಗ್ರಾಮನ್ನು ತನ್ನದೇ ಕೃತಕ ಸಿಪಿಯು ಮೇಲೆ ಓಡಿಸಿ, ಎಷ್ಟು ಇನ್‌ಸ್ಟ್ರಕ್ಷನ್ (ಸಿಪಿಯು ಪಾಲಿಸುವ ಒಂದೊಂದು ಆದೇಶ) ನಡೆದವು ಅಂತ ಸಾಲುಸಾಲಾಗಿ ಲೆಕ್ಕ ಕೊಡುತ್ತದೆ. ಓಟ ತುಂಬಾ ನಿಧಾನ, ಆದರೆ ಲೆಕ್ಕ ಅಲುಗಾಡುವುದಿಲ್ಲ. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಬರೆಯುವ ತಂಡವೂ ಇದನ್ನೇ ನೆಚ್ಚಿಕೊಂಡಿದೆ. ಗಡಿಯಾರಕ್ಕೆ ಕಾಣದಷ್ಟು ಚಿಕ್ಕ ಬದಲಾವಣೆಗಳನ್ನು ನೂರಾರು ಕೂಡಿಸಿಯೇ ಅವರು ವೇಗ ಹೆಚ್ಚಿಸಿದ್ದು.

ಒಂದೇ ಇನ್‌ಪುಟ್ ಫೈಲ್, ಒಂದೇ ಕಂಪೈಲರ್, ಅದೇ ಆಪ್ಟಿಮೈಸೇಶನ್ ಮಟ್ಟ: ಇಷ್ಟನ್ನು ಕಟ್ಟುನಿಟ್ಟಾಗಿ ಇಟ್ಟುಕೊಂಡೆ. ಪ್ರತಿ ಓಟಕ್ಕೂ ಮೆಮೊರಿ ವಿಳಾಸಗಳನ್ನು ಕಲಸುವ ಲಿನಕ್ಸ್ ಸೌಲಭ್ಯವನ್ನೂ ಆ ಓಟಕ್ಕೆ ಮಾತ್ರ ಆಫ್ ಮಾಡಿದೆ.

ಇಷ್ಟೆಲ್ಲ ಮಾಡಿದರೂ ಯಂತ್ರದ ನೆರಳು ಪೂರ್ತಿ ಹೋಗುವುದಿಲ್ಲ. ಅದೇ ಬೈನರಿ (ಕಂಪೈಲ್ ಆದ ಪ್ರೋಗ್ರಾಮ್) ಹಳೆಯ ಡೆಸ್ಕ್‌ಟಾಪ್‌ನಲ್ಲಿ ಬೇರೆ ಲೆಕ್ಕ ಕೊಟ್ಟಿತು. ಕಾರಣ ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿ: ಸಿಪಿಯುನಲ್ಲಿ ಎವಿಎಕ್ಸ್2 (ಒಂದೇ ಸಲಕ್ಕೆ ಹೆಚ್ಚು ಡೇಟಾ ನಿಭಾಯಿಸುವ ಇನ್‌ಸ್ಟ್ರಕ್ಷನ್‌ಗಳು) ಇದೆಯೋ ಇಲ್ಲವೋ ನೋಡಿ ಅದು ಡೇಟಾ ನಕಲು ಮಾಡುವ ಮೆಮ್‌ಕಾಪಿಯ ಬೇರೆ ಬೇರೆ ರೂಪ ಆರಿಸುತ್ತದೆ. ಆಮೇಲಿಂದ ಒಟ್ಟು ಮೊತ್ತ ಬಿಟ್ಟು, ನನ್ನ ಸ್ವಂತ ಫಂಕ್ಷನ್‌ಗಳ ಸಾಲುಗಳನ್ನಷ್ಟೇ ಹೋಲಿಸುತ್ತೇನೆ. ಇನ್‌ಸ್ಟ್ರಕ್ಷನ್‌ಗಳೇ ಬೇರೆಯಾದ ಎಆರ್‌ಎಂ ಚಿಪ್‌ನ ಲೆಕ್ಕವನ್ನು ಇಂಟೆಲ್ ಲೆಕ್ಕದ ಪಕ್ಕ ಇಡುವುದಂತೂ ಸುಮ್ನೆ ವ್ಯರ್ಥ.

ಇನ್ನೊಂದು ಮಿತಿ ಇದೆ. ಕೂಡುವುದೂ ಒಂದು ಇನ್‌ಸ್ಟ್ರಕ್ಷನ್, ಭಾಗಿಸುವುದೂ ಒಂದು. ಸಿಪಿಯುಗೆ ಎರಡೂ ಒಂದೇ ಅಲ್ಲ, ಅಲ್ವಾ? ಡೇಟಾ ಸಿಪಿಯು ಒಳಗಿನ ಚಿಕ್ಕ, ವೇಗದ ಸಂಗ್ರಹವಾದ ಕ್ಯಾಷ್‌ನಲ್ಲಿ ಸಿಗದೆ ಮುಖ್ಯ ಮೆಮೊರಿಗೆ ಹೋದರೆ ಖರ್ಚು ಇನ್ನೂ ಜಾಸ್ತಿ. ಚಿಹ್ನೆ ಯಾವ ಬಗೆಯದು ಅಂತ ನೋಡುವ ಹೋಲಿಕೆಗಳ ಸರಮಾಲೆ ತೆಗೆದು, ಉತ್ತರ ಮೊದಲೇ ಬರೆದಿಟ್ಟ ಟೇಬಲ್ ಹಾಕಿದಾಗ ಇನ್‌ಸ್ಟ್ರಕ್ಷನ್ ಚೆನ್ನಾಗಿಯೇ ಇಳಿಯಿತು. ಆದರೂ ಟೇಬಲ್ ಎಷ್ಟು ದೊಡ್ಡದು ಅಂತ ನೋಡಲೇಬೇಕಿತ್ತು. ಯುನಿಕೋಡ್‌ನಲ್ಲಿ ಕನ್ನಡಕ್ಕೆ 128 ಜಾಗ. ಜಾಗಕ್ಕೊಂದು ಬೈಟ್ ಅಂದರೆ 64 ಬೈಟ್‌ನ ಎರಡು ಕ್ಯಾಷ್ ಲೈನ್ (ಕ್ಯಾಷ್‌ಗೆ ಒಮ್ಮೆಗೆ ಬರುವ ತುಂಡು) ಸಾಕು. ಟೇಬಲ್ಲನ್ನೇ ಉಳಿಸಿಕೊಂಡೆ. ಈಗ ಕೋಡ್ ಬದಲಾದಾಗಲೆಲ್ಲ ಕ್ಯಾಷ್‌ಗ್ರಿಂಡ್ ಓಡುತ್ತದೆ, ಗಡಿಯಾರದ ಪರೀಕ್ಷೆ ಹೊಸ ಆವೃತ್ತಿ ಬಿಡುವ ಮುಂಚೆ ಮಾತ್ರ.