ಬಾದಾಮಿ ಬಂಡೆಯಲ್ಲಿ ಜರ್ಕ್ ಇಲ್ಲದ ರ‍್ಯಾಪ್ಲಿಂಗ್: ಎಟಿಸಿ ಕೆಳಗೆ ಆಟೊಬ್ಲಾಕ್, ನನ್ನ ಅನುಭವ

ರ‍್ಯಾಪ್ಲಿಂಗ್ ಅಂದರೆ ಹಗ್ಗದ ಮೇಲೆ ಬಂಡೆ ಇಳಿಯುವುದು. ಎಟಿಸಿ ಅಂದರೆ ಹಗ್ಗ ತೂರಿಸಿ ವೇಗ ತಡೆಯುವ ಸಾಧನ, ಆಟೊಬ್ಲಾಕ್ ಅಂದರೆ ಅದರ ಕೆಳಗೆ ಹಗ್ಗಕ್ಕೆ ತೆಳು ಬಳ್ಳಿ ಸುತ್ತಿ ಹಾಕುವ, ಕೈ ಬಿಟ್ಟರೆ ಬಿಗಿದು ನಿಲ್ಲಿಸುವ ಗಂಟು. ಆಟೊಬ್ಲಾಕ್ ಹಾಕಿದರೆ ಇಳಿತ ಜಗ್ಗುತ್ತದೆ, ನಡುವೆಯೇ ಸಿಕ್ಕಿಕೊಳ್ಳುತ್ತದೆ, ಎಂಟರ ಆಕಾರದ ಲೋಹದ ಇಳಿಯುವ ಸಾಧನ ಫಿಗರ್ ಎಂಟು ಒಂದೇ ಸಾಕು ಅಂತ ಇಲ್ಲಿಯ ಹಳಬರು ಹೇಳುತ್ತಲೇ ಬಂದರು. ಫಿಗರ್ ಎಂಟು ಹಗ್ಗವನ್ನು ಹೇಗೆ ತಿರುಚುತ್ತದೆ ಅಂತ ಅವರಿಗೂ ಗೊತ್ತು. ಈಗ ಅದೇ ಕೆಂಪು ಮರಳುಗಲ್ಲಿನ ಮೇಲೆ 25 ಮೀಟರ್ ಒಂದೇ ವೇಗದಲ್ಲಿ ಇಳಿಯುತ್ತೇನೆ. ಎರಡೂ ಕೈ ಬಿಟ್ಟಲ್ಲೇ ನಿಲ್ಲುತ್ತೇನೆ. ಇಷ್ಟು ದಿನ ಕೆಲಸ ಕೆಡಿಸಿದ್ದು ಅಳತೆ.

ಮೊದಲು ಎಟಿಸಿಯನ್ನು ನೇರ ಹಾರ್ನೆಸ್ಸಿನ (ಸೊಂಟ-ತೊಡೆಗೆ ಕಟ್ಟುವ ಪಟ್ಟಿ) ಮುಂದಿರುವ ಬಿಲೇ ಲೂಪಿಗೆ, ಆಟೊಬ್ಲಾಕನ್ನು ತೊಡೆಯ ಲೂಪಿಗೆ ಹಾಕುತ್ತಿದ್ದೆ. ಕಾಲು ಎತ್ತಿದರೆ ಅಥವಾ ಮೈ ಒಂದು ಕಡೆ ವಾಲಿದರೆ ಗಂಟು ಮೇಲೇರಿ ಎಟಿಸಿಗೆ ತಾಗುತ್ತದೆ. ತಾಗಿದ ಗಂಟು ಸಡಿಲಾಗುತ್ತದೆ, ಹಿಡಿಯುವುದೇ ಇಲ್ಲ. ಈಗ 120 ಸೆಂ.ಮೀ. ನೈಲಾನ್ ಸ್ಲಿಂಗನ್ನು (ಹೊಲಿದ ಪಟ್ಟಿಯ ಕುಣಿಕೆ) ಹಾರ್ನೆಸ್‌ನ ಎರಡೂ ಟೈ-ಇನ್ ಲೂಪುಗಳಲ್ಲಿ (ಸೊಂಟದ್ದು, ಕಾಲಿನದು) ತೂರಿಸಿ ಬಿಗಿದು, ನಡುವೆ ಒಂದು ಗಂಟು ಹಾಕುತ್ತೇನೆ. ಗಂಟಿನ ಈಚೆಯ ಕುಣಿಕೆಗೆ ಎಟಿಸಿ, ತುದಿಯ ಕುಣಿಕೆ ಇಳಿಯುವ ಮುನ್ನ ಆಂಕರಿಗೆ (ಮೇಲೆ ಹಗ್ಗ ಕಟ್ಟುವ ಆಸರೆ). ಎಟಿಸಿ ಹೊಟ್ಟೆಯಿಂದ ಸುಮಾರು 30 ಸೆಂ.ಮೀ. ದೂರ ನಿಲ್ಲುತ್ತದೆ. ಆಟೊಬ್ಲಾಕ್ ಈಗ ಬಿಲೇ ಲೂಪಿಗೆ, ಲಾಕಿಂಗ್ ಕ್ಯಾರಬೈನರಿನಲ್ಲಿ (ಬೀಗವಿರುವ ಲೋಹದ ಕೊಂಡಿ). ಆಟೊಬ್ಲಾಕ್ ಗಂಟನ್ನು ಪೂರ್ತಿ ಮೇಲೆ ತಳ್ಳಿ ನೋಡಬೇಕು; ಎಟಿಸಿಗೂ ಅದಕ್ಕೂ ನಾಲ್ಕು ಬೆರಳು ಅಂತರ ಉಳಿಯದಿದ್ದರೆ ಬಳ್ಳಿ ಉದ್ದವಾಯಿತು ಎಂದೇ ಅರ್ಥ.

ಬಳ್ಳಿಗೇ ಹೆಚ್ಚು ದುಡ್ಡು ಹೋಯಿತು. 5 ಮಿ.ಮೀ. ಬಳ್ಳಿ ಕಚ್ಚಿ ಹಿಡಿದು ಜರ್ಕ್ ಕೊಡುತ್ತಿತ್ತು. 7 ಮಿ.ಮೀ. ಬಿರುಸು, ಸುತ್ತು ಕೂರುವುದೇ ಇಲ್ಲ, ತೆಳು ಹಗ್ಗದ ಮೇಲೆ ಜಾರಿತು. ಡೈನೀಮಾ ಎಂಬ ನಾರಿನ ಸ್ಲಿಂಗಿನಲ್ಲೂ ಒಮ್ಮೆ ಸುತ್ತಿ ನೋಡಿದೆ. ಅದು ನುಣುಪು, ಮೇಲಾಗಿ 145 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತದೆ. ನೈಲಾನಿಗೆ 220 ದಾಟಬೇಕು. ಹೊಲಿದ ರೆಡಿಮೇಡ್ ಲೂಪಿಗೆ ಸಾವಿರದೈನೂರು ಕೊಟ್ಟೆ, ನನ್ನ ಅಂತರಕ್ಕೆ ಅದು ಉದ್ದವಾಯಿತು. ಎಲ್ಲಾ ಸೇರಿ ನಾಲ್ಕು ಸಾವಿರದಷ್ಟು ನೀರಿಗೆ ಹಾಕಿದಂತಾಯಿತು. ಕೊನೆಗೆ ಗೆದ್ದದ್ದು ಮೀಟರಿಗೆ ಎಪ್ಪತ್ತು ರೂಪಾಯಿ ಚಿಲ್ಲರೆಯ 6 ಮಿ.ಮೀ. ಮೆತ್ತನೆ ನೈಲಾನ್. 1.3 ಮೀಟರ್ ಕತ್ತರಿಸಿ, ಎರಡು ತುದಿ ಜೋಡಿಸುವ ಗಂಟು ಡಬಲ್ ಫಿಶರ್‌ಮನ್ ಹಾಕಿದರೆ 45 ಸೆಂ.ಮೀ. ಲೂಪ್ ಸಿಗುತ್ತದೆ. 10 ಮಿ.ಮೀ. ಜೋಡಿ ಹಗ್ಗಕ್ಕೆ ನಾಲ್ಕು ಸುತ್ತು. ಜಗ್ಗಿದರೆ ಒಂದು ಸುತ್ತು ಬಿಚ್ಚಿ, ಜಾರಿದರೆ ಒಂದು ಸೇರಿಸಿ, ಪ್ರತಿ ಸಲವೂ ತೂಗಾಡಿ ಪರೀಕ್ಷಿಸಬೇಕು. ಹೊಸ ಬಳ್ಳಿ ಮೊದಲ ಹತ್ತಾರು ಇಳಿತ ತುಸು ಜಾರುತ್ತದೆ. ಬೇವಿನ ಕೊಂಬೆಗೆ ಹಗ್ಗ ಕಟ್ಟಿ, ನೆಲದಿಂದ ಒಂದಡಿ ಮೇಲೆ ಎರಡೂ ಕೈ ಬಿಟ್ಟು ನಿಂತ ಮೇಲೆಯೇ ಬಂಡೆಗೆ ಒಯ್ಯಿರಿ.

ಜಗ್ಗುವಿಕೆಗೆ ಇನ್ನೊಂದು ಕಾರಣ ಬಾದಾಮಿಯ ಕೆಂಪು ಮರಳು. ಹಗ್ಗದ ಹೊದಿಕೆಯೊಳಗೆ ಸೇರಿ ಒರಟಾಗಿಸುತ್ತದೆ. ಬರೀ ನೀರಿನಲ್ಲಿ ಅದ್ದಿ ಕೈಯಲ್ಲೇ ತೊಳೆದು ನೆರಳಲ್ಲಿ ಒಣಗಿಸಿದ ಹಗ್ಗದಲ್ಲಿ ಅರ್ಧ ಜರ್ಕ್ ಹೋಯಿತು. ಹಗ್ಗ ಹಾಸಲು ಜೋಳದ ಚೀಲ ಬಿಚ್ಚಿ ಹೊಲಿಸಿಕೊಂಡಿದ್ದೇನೆ. ಗೊಬ್ಬರದ ಚೀಲ ಮಾತ್ರ ಬೇಡ, ಅದರಲ್ಲಿ ರಾಸಾಯನಿಕ ಉಳಿದಿರುತ್ತದೆ. ಅಂಚಿನಲ್ಲಿ ಮರಳುಗಲ್ಲು ಹಗ್ಗವನ್ನು ತಿನ್ನುತ್ತದೆ, ಅಲ್ಲಿ ಗೋಣಿತಟ್ಟು ಎರಡು ಮಡಿಕೆ. ಕುಪ್ಪಳಿಸುತ್ತ ಇಳಿಯುವವರ ಹಗ್ಗ ಅದೇ ಅಂಚಿನಲ್ಲಿ ಗರಗಸ ಆಡುತ್ತದೆ, ಆಂಕರಿಗೂ ಹೊಡೆತ ಬೀಳುತ್ತದೆ. ಮಳೆ ಬಿದ್ದ ಮೇಲೆ ಬಂಡೆ ಪೂರ್ತಿ ಒಣಗದೆ ಇಳಿಯಬಾರದು, ಒದ್ದೆ ಮರಳುಗಲ್ಲು ಮೆತ್ತಗಾಗಿರುತ್ತದೆ.

ಇನ್ನು ಕೈ. ಮುಷ್ಟಿ ಕಟ್ಟಿ ಗಂಟನ್ನು ಹಿಡಿಯಬಾರದು. ಗಾಬರಿಯಲ್ಲಿ ಮುಷ್ಟಿ ಇನ್ನೂ ಬಿಗಿಯಾಗುತ್ತದೆ, ಗಂಟು ಕೈ ಜೊತೆಗೇ ಕೆಳಗೆ ಬರುತ್ತದೆ, ಬ್ಯಾಕಪ್ ಇದ್ದೂ ಇಲ್ಲದಂತೆ. ಹೆಬ್ಬೆರಳು ಮತ್ತು ಎರಡು ಬೆರಳು ಮೇಲಿನ ಸುತ್ತಿನ ಮೇಲೆ ಹಗುರಾಗಿರಲಿ, ಇನ್ನೊಂದು ಕೈ ಅದರ ಕೆಳಗೆ ಹಗ್ಗ ಹಿಡಿದಿರಲಿ. ಮೇಲಿನ ಐದಾರು ಮೀಟರಿನಲ್ಲಿ ಕೆಳಗೆ ತೂಗುವ ಹಗ್ಗದ ಭಾರವೇ ಬ್ರೇಕ್: 25 ಮೀಟರ್ ಜೋಡಿ ಹಗ್ಗ ಮೂರು ಕಿಲೋ ದಾಟುತ್ತದೆ. ಅಲ್ಲಿ ಹಗ್ಗವನ್ನು ಕೈಯಿಂದ ಎತ್ತಿ ಉಣಿಸಬೇಕು. ಕೆಳಗೆ ಬಂದಂತೆ ಆ ಭಾರ ಇಲ್ಲವಾಗುತ್ತದೆ, ಆಗ ಹಿಡಿತ ಬಿಗಿ ಮಾಡಬೇಕು. ಇದು ಕೈಗೆ ಹತ್ತಿದ ದಿನ ಇಳಿತ ಎಣ್ಣೆ ಹಚ್ಚಿದಂತಾಯಿತು.

ಹಗ್ಗದ ಎರಡೂ ತುದಿಗೆ ಬೇರೆ ಬೇರೆ ಗಂಟು, ಅದನ್ನು ಬಿಡುವುದೇ ಇಲ್ಲ. ಜಾಲಿಯ ಮುಳ್ಳಿನಲ್ಲಿ ಸಿಕ್ಕದಂತೆ ಹಗ್ಗ ಎಸೆಯುವ ನನ್ನ ಮಡಿಕೆಯನ್ನು ಇಲ್ಲಿ ಬರೆಯುವುದಿಲ್ಲ, ಬಂದವರಿಗೆ ಬಂಡೆಯ ಮೇಲೇ ತೋರಿಸುತ್ತೇನೆ. ಸದ್ಯ 9.5 ಮಿ.ಮೀ. ಒಂಟಿ ಹಗ್ಗಕ್ಕೆ ಐದು ಸುತ್ತು ಹಾಕಿ, ಎಟಿಸಿಯಲ್ಲಿ ಎರಡನೇ ಕ್ಯಾರಬೈನರ್ ಸೇರಿಸಿ ನೋಡುತ್ತಿದ್ದೇನೆ. ಹಿಡಿಯುತ್ತದೆ, ಆದರೆ ಕೊನೆಯ ಹತ್ತು ಮೀಟರಿನಲ್ಲಿ ವೇಗ ಇನ್ನೂ ನನ್ನ ಮನಸ್ಸಿಗೆ ಒಪ್ಪಿಲ್ಲ.