ಜೋಗಕ್ಕೆ ಕಾರಿನಲ್ಲಿ ಹೊರಟಿದ್ದೀರಾ? ಒಂದು ರಾತ್ರಿ ಉಳಿಯಿರಿ

ಬೆಂಗಳೂರಿನಿಂದ ಜೋಗಕ್ಕೆ ಸುಮಾರು 400 ಕಿಲೋಮೀಟರ್. ಬೆಳಿಗ್ಗೆ ಹೋಗಿ ರಾತ್ರಿಗೇ ವಾಪಸ್ ಬರುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ದೂರದ ಮಾತು ಹಾಗಿರಲಿ, ಅಲ್ಲಿನ ಮಂಜು ನಿಮ್ಮ ಗಡಿಯಾರ ನೋಡುವುದಿಲ್ಲ.

ಮೊದಲು ತಿಂಗಳು ಗೊತ್ತು ಮಾಡಿಕೊಳ್ಳಿ. ಶರಾವತಿಯ ನೀರನ್ನು ಮೇಲೆ ಲಿಂಗನಮಕ್ಕಿಯಲ್ಲಿ ವಿದ್ಯುತ್ತಿಗಾಗಿ ತಡೆದಿದ್ದಾರೆ. ಹಾಗಾಗಿ ಬೇಸಿಗೆಯಲ್ಲಿ ಬಂಡೆಯ ಮೇಲೆ ತೆಳ್ಳನೆಯ ಎಳೆಗಳಷ್ಟೇ ಕಾಣುತ್ತವೆ. ಜುಲೈ, ಆಗಸ್ಟ್‌ನಲ್ಲಿ ನೀರೂ ಜಾಸ್ತಿ, ಮಂಜೂ ಜಾಸ್ತಿ. 253 ಮೀಟರ್ ಎತ್ತರದಿಂದ ಬೀಳುವ ಸದ್ದು ಎದೆಗೆ ತಾಕುತ್ತದೆ, ಕಣ್ಣಿಗೆ ಮಾತ್ರ ಬರೀ ಬಿಳಿ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ ಒಳ್ಳೆಯದು. ಮಳೆ ಚೆನ್ನಾಗಿ ಆಗಿದ್ದ ವರ್ಷ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಧಾರೆಗಳನ್ನೂ ಬೇರೆ ಬೇರೆಯಾಗಿ ಗುರುತಿಸಬಹುದು.

ಆಮೇಲೆ ರೂಮು. ಜೋಗದಲ್ಲಿ ಸಿಗದಿದ್ದರೆ 30 ಕಿಲೋಮೀಟರ್ ಹಿಂದಿರುವ ಸಾಗರದಲ್ಲಿ ನೋಡಿ. ಶನಿವಾರ, ಭಾನುವಾರವಾದರೆ ಮೊದಲೇ ಕಾದಿರಿಸಿ.

ದಾರಿ ಸುಲಭ: ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ. ಬೆಳಿಗ್ಗೆ ಐದಕ್ಕೆ ಹೊರಟರೆ ಕ್ಯಾತ್ಸಂದ್ರದಲ್ಲಿ ಬಿಸಿ ತಟ್ಟೆ ಇಡ್ಲಿ ತಿನ್ನಬಹುದು. ಶಿವಮೊಗ್ಗದಲ್ಲಿ ಊಟ. ಸಾಗರದಲ್ಲಿ ಪೆಟ್ರೋಲ್ ತುಂಬಿಸಿಕೊಂಡು ನೇರ ಜೋಗಕ್ಕೆ ಹೋಗಿಬಿಡಿ, ರೂಮಿಗೆ ಆಮೇಲೆ ಹೋದರಾಯಿತು.

ಮಂಜು ಕವಿದಿದ್ದರೆ ಬೇಜಾರು ಮಾಡಿಕೊಂಡು ಹೊರಟುಬಿಡಬೇಡಿ. ಒಂದು ಚಹಾ ಕುಡಿಯುತ್ತಾ ಕಾಯಿರಿ. ಗಾಳಿ ಬೀಸಿದಾಗ ಪರದೆ ಸರಿದಂತೆ ಇಡೀ ಗುಂಡಿ ತೆರೆದುಕೊಳ್ಳುತ್ತದೆ, ಎರಡು ನಿಮಿಷದಲ್ಲಿ ಮತ್ತೆ ಮುಚ್ಚುತ್ತದೆ. ಆ ಎರಡು ನಿಮಿಷಕ್ಕಾಗಿಯೇ ಅಲ್ವಾ ಇಷ್ಟು ದೂರ ಬಂದಿದ್ದು? ಸಂಜೆ ಕಾಣಲಿಲ್ಲವೆಂದರೆ ಮರುದಿನ ಬೆಳಿಗ್ಗೆ ಇನ್ನೊಂದು ಅವಕಾಶ ಇರುತ್ತದೆ. ರಾತ್ರಿ ಉಳಿಯಿರಿ ಅಂದಿದ್ದು ಇದಕ್ಕೇ.

ಕೆಳಗಿಳಿಯಲು ಸುಮಾರು 1400 ಮೆಟ್ಟಿಲುಗಳಿವೆ. ಮಳೆಯಲ್ಲಿ ಜಾರುತ್ತವೆ. ಗೇಟು ಮುಚ್ಚಿದ್ದರೆ ಬೇಲಿ ದಾಟುವ ಸಾಹಸ ಖಂಡಿತ ಬೇಡ. ಮಂಡಿ ನೋವಿದ್ದವರು ಮೇಲಿನಿಂದಲೇ ನೋಡಲಿ. ಇಳಿಯುವುದಕ್ಕಿಂತ ಹತ್ತುವುದೇ ಕಷ್ಟ. ಮಳೆಗಾಲವಾದರೆ ಛತ್ರಿಗಿಂತ ರೈನ್‌ಕೋಟ್ ವಾಸಿ. ಉಂಬಳಗಳಿಗೆ (ಜಿಗಣೆಗಳಿಗೆ) ಒಂದು ಪೊಟ್ಟಣ ಉಪ್ಪು ಜೊತೆಗಿರಲಿ.

ವಾಪಸ್ ಬರುವಾಗ ಸಾಗರದ ಹತ್ತಿರದ ಇಕ್ಕೇರಿಗೆ ತಿರುಗಿ. ಅಘೋರೇಶ್ವರ ದೇವಸ್ಥಾನ ನೋಡಲು ಒಂದು ಗಂಟೆ ಸಾಕು. ಊಟದ ಹೊತ್ತಿಗೆ ಸಾಗರ ಬಿಟ್ಟರೆ ರಾತ್ರಿ ಮನೆ ಸೇರಬಹುದು.